ಕಳೆನಾಶಕ, ಇದ್ದಿಲು ಮತ್ತು ನಮ್ಮ ಸಂಶೋಧನ ಪ್ರಬಂಧಗಳು: ಒಂದು ವಿಮರ್ಶೆ

ವಿಮರ್ಶೆಯೆಂದೊಡನೆ ಕಾವ್ಯ ನಾಟಕಗಳ ನೆನಪಾಗುವುದು ಸಹಜ. ಆದರೆ ವಿಜ್ಞಾನದ ಪ್ರಬಂಧವೂ ಒಂದು ಬರಹವೇ. ಅದಕ್ಕೂ ಒಂದು ರೂಪವುಂಟು, ಒಂದು ಸಂಪ್ರದಾಯವುಂಟು. ಸಂಪ್ರದಾಯವು ಜಡವಾದಾಗ ಕಾವ್ಯಕ್ಕೆ ಒದಗುವ ದುರವಸ್ಥೆಯೇ ಅದಕ್ಕೂ ಒದಗುತ್ತದೆ. ನಮ್ಮ ಹಳೆಯ ಅಲಂಕಾರಶಾಸ್ತ್ರವು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿತು. ಸಮುದ್ರವನ್ನು ಕಣ್ಣಾರೆ ಕಂಡ ಕವಿಯೂ ಅದನ್ನು ವರ್ಣಿಸಿದನು, ಕಾಣದವನೂ ವರ್ಣಿಸಿದನು. ಯಾರು ಕಂಡವರು ಯಾರು ಕಾಣದವರು ಎಂಬುದನ್ನು ತಿಳಿಯುವುದು ಓದುಗನಿಗೆ ಕಷ್ಟವಾಯಿತು. ನೀರಿನಲ್ಲಿ ಕರಗಿದ ಕಳೆನಾಶಕಗಳನ್ನು ಅಧಿಶೋಷಕ ವಸ್ತುಗಳಿಂದ ತೆಗೆಯುವುದನ್ನು ಕುರಿತ ಸಂಶೋಧನ ಸಾಹಿತ್ಯವು ಇಂದು ಇಂಥದೇ ಸ್ಥಿತಿಯನ್ನು ಮುಟ್ಟಿದೆಯೆಂಬುದು ಪ್ರಕೃತ ಲೇಖನದ ವಾದ.

ಈ ಪ್ರಬಂಧಗಳ ರೂಪವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬತ್ತದ ಹೊಟ್ಟು, ಅಡಕೆಯ ಸಿಪ್ಪೆ, ಕಾಫಿಯ ಸಿಪ್ಪೆ, ಹುಣಸೆಯ ಬೀಜ, ಕಡಲೆಕಾಯಿಯ ಸಿಪ್ಪೆ ಇವುಗಳಲ್ಲಿ ಒಂದನ್ನು ತೆಗೆದುಕೊಂಡು ಸುಡುವುದು. ಆಮ್ಲದಲ್ಲಿಯೋ ಕ್ಷಾರದಲ್ಲಿಯೋ ಸಂಸ್ಕರಿಸುವುದು. ಬಟ್ಟಿ ಇಳಿಸಿದ ನೀರಿನಲ್ಲಿ ಅಟ್ರಜೀನ್ ಅಥವಾ ೨,೪-ಡಿ ಎಂಬ ಕಳೆನಾಶಕವನ್ನು ಕರಗಿಸಿ, ಸುಟ್ಟ ಪುಡಿಯೊಡನೆ ಕಲಕುವುದು. ಪಿಎಚ್, ಕಾಲ, ಉಷ್ಣತೆ, ಪುಡಿಯ ಪ್ರಮಾಣ ಇವುಗಳನ್ನು ಒಂದೊಂದಾಗಿ ಬದಲಿಸುವುದು. ಲ್ಯಾಂಗ್‌ಮ್ಯೂರ್ ಮತ್ತು ಫ್ರಾಯಿಂಡ್ಲಿಕ್‌ರ ಸಮೀಕರಣಗಳಿಗೆ ಅಂಕಿಗಳನ್ನು ಹೊಂದಿಸುವುದು. ಕೊನೆಗೆ ಬೇರೆಯವರ ವಸ್ತುಗಳೊಡನೆ ಹೋಲಿಸುವ ಒಂದು ಪಟ್ಟಿಯನ್ನು ಕೊಟ್ಟು, ನಮ್ಮ ವಸ್ತುವು ಅಗ್ಗವೂ ಸಮರ್ಥವೂ ಆಗಿದೆಯೆಂದು ಮುಗಿಸುವುದು. ಇದರಲ್ಲಿ ಯಾವ ಹೆಜ್ಜೆಯೂ ಸ್ವತಃ ತಪ್ಪಲ್ಲ. ಆದರೆ ಈ ಹೆಜ್ಜೆಗಳೆಲ್ಲ ಸೇರಿ ಕುಡಿಯುವ ನೀರಿನ ಕಡೆಗೆ ನಡೆಯುತ್ತಿವೆಯೆ, ನಿಂತಲ್ಲಿಯೇ ತಾಳಕ್ಕೆ ಬೀಳುತ್ತಿವೆಯೆ ಎಂಬುದನ್ನು ನೋಡಬೇಕಾಗಿದೆ.

೧

ಇದ್ದಿಲಿಗೆ ನೀರನ್ನು ತಿಳಿಮಾಡುವ ಗುಣವಿದೆಯೆಂಬುದು ಬಹು ಹಳೆಯ ಅನುಭವ. ಇದ್ದಿಲು, ಮರಳು, ಜಲ್ಲಿಗಳನ್ನು ತುಂಬಿದ ಗಡಿಗೆಗಳನ್ನು ಒಂದರ ಮೇಲೊಂದಿಟ್ಟು ನೀರು ಸೋಸುವ ಕ್ರಮವನ್ನು ನಮ್ಮಲ್ಲಿ ಅನೇಕರು ಶಾಲೆಯ ಪಾಠದಲ್ಲಿಯೇ ಓದಿದ್ದಾರೆ. ಇದನ್ನು ರಸಾಯನಶಾಸ್ತ್ರದ ವಿಷಯವನ್ನಾಗಿ ಮಾಡಿದವರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಲೋವಿಟ್ಸ್ ಮೊದಲಿಗರು. ದ್ರಾವಣಗಳ ಬಣ್ಣವನ್ನು ಇದ್ದಿಲು ತೆಗೆಯುವುದನ್ನು ಅವರು ೧೭೮೫ರಲ್ಲಿ ಗಮನಿಸಿದರು. ವಸ್ತುವಿನ ಒಡಲಿನೊಳಕ್ಕೆ ಇಳಿಯುವ ಹೀರಿಕೆಗೂ ಅದರ ಮೈಮೇಲೆ ನಿಲ್ಲುವ ಅಧಿಶೋಷಣೆಗೂ ಭೇದ ತೋರುವ ಹೆಸರನ್ನು ೧೮೮೧ರಲ್ಲಿ ಕೈಸರ್ ಬಳಕೆಗೆ ತಂದರು. ಫ್ರಾಯಿಂಡ್ಲಿಕ್‌ರ ಸಮೀಕರಣವು ೧೯೦೬ರ ಸುಮಾರಿನಲ್ಲಿಯೂ ಲ್ಯಾಂಗ್‌ಮ್ಯೂರ್‌ರದು ೧೯೧೮ರಲ್ಲಿಯೂ ಪ್ರಸಿದ್ಧಿಗೆ ಬಂದುವು. ಹೀಗೆ ಶಾಸ್ತ್ರವು ಸಿದ್ಧವಾಗಿದ್ದಾಗ ಕಳೆನಾಶಕಗಳು ಇನ್ನೂ ಹುಟ್ಟಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ೨,೪-ಡಿ ಬಂದಿತು. ೧೯೫೮ರಲ್ಲಿ ಸ್ವಿಟ್ಸರ್ಲೆಂಡಿನ ಗೈಗಿ ಕಂಪನಿಯು ಅಟ್ರಜೀನನ್ನು ಹೊರತಂದಿತು. ೧೯೭೪ರಲ್ಲಿ ಗ್ಲೈಫೊಸೇಟ್ ಮಾರಾಟಕ್ಕೆ ಬಂದಿತು. ಅಮೆರಿಕದ ಮಧ್ಯಪಶ್ಚಿಮ ಭಾಗದ ಮುಸುಕಿನ ಜೋಳದ ಹೊಲಗಳಲ್ಲಿ ಅಟ್ರಜೀನ್ ವ್ಯಾಪಕವಾಗಿ ಬಳಕೆಯಾಯಿತು. ಬಿತ್ತನೆಯ ಕಾಲದಲ್ಲಿ ಅದನ್ನು ಸಿಂಪಡಿಸುತ್ತಾರೆ. ಆ ಬಳಿಕ ಬೀಳುವ ಮಳೆ ಅದನ್ನು ಹಳ್ಳಕ್ಕೂ ಹೊಳೆಗೂ ಒಯ್ಯುತ್ತದೆ. ಅದೇ ಹೊಳೆಯ ನೀರನ್ನು ಊರುಗಳು ಕುಡಿಯುತ್ತವೆ. ನಮ್ಮ ಹಾವೇರಿ, ದಾವಣಗೆರೆ ಜಿಲ್ಲೆಗಳಲ್ಲಿಯೂ ಮುಸುಕಿನ ಜೋಳ ಮುಖ್ಯ ಬೆಳೆ. ಮೊಳಕೆ ಏಳುವ ಮೊದಲೇ ಅಟ್ರಜೀನ್ ಹೊಡೆಯುವುದು ನಮ್ಮ ದೇಶದಲ್ಲಿಯೂ ರೂಢಿಯಲ್ಲಿದೆ. ಆದುದರಿಂದ ಈ ವಿಷಯ ನಮಗೆ ಹೊರಗಿನದಲ್ಲ.

ಈ ವಿಷದ ಪ್ರಮಾಣವೆಷ್ಟು? ಅಮೆರಿಕದ ನಿಯಮದಂತೆ ಕುಡಿಯುವ ನೀರಿನಲ್ಲಿ ಅಟ್ರಜೀನ್ ಲೀಟರಿಗೆ ೩ ಮೈಕ್ರೊಗ್ರಾಂ ಮೀರಬಾರದು. ಭಾರತೀಯ ಮಾನಕ ೧೦೫೦೦ರ ೨೦೧೨ರ ಆವೃತ್ತಿಯಲ್ಲಿ ಅಟ್ರಜೀನಿಗೆ ೨, ಐಸೊಪ್ರೊಟ್ಯುರಾನಿಗೆ ೯, ೨,೪-ಡಿಗೆ ೩೦ ಮೈಕ್ರೊಗ್ರಾಂ ಎಂಬ ಮಿತಿಗಳಿವೆ. ಯೂರೋಪಿನ ಒಕ್ಕೂಟದಲ್ಲಿ ಯಾವ ಒಂದು ಕೀಟನಾಶಕ ಅಥವಾ ಕಳೆನಾಶಕಕ್ಕೂ ಮಿತಿ ಲೀಟರಿಗೆ ೦.೧ ಮೈಕ್ರೊಗ್ರಾಂ. ಮೈಕ್ರೊಗ್ರಾಮೆಂದರೆ ಮಿಲಿಗ್ರಾಮಿನ ಸಾವಿರದಲ್ಲಿ ಒಂದು ಪಾಲು. ಓದುಗರು ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

೨

ನಮ್ಮ ಪ್ರಬಂಧಗಳ ಕಿರೀಟಪ್ರಾಯವಾದ ಅಂಕಿ ಯಾವುದೆಂದರೆ ಗರಿಷ್ಠ ಧಾರಣಶಕ್ತಿ. ಅಂದರೆ ಒಂದು ಗ್ರಾಂ ಅಧಿಶೋಷಕವು ಹೆಚ್ಚೆಂದರೆ ಎಷ್ಟು ಮಿಲಿಗ್ರಾಂ ಕಳೆನಾಶಕವನ್ನು ಹಿಡಿಯಬಲ್ಲದು ಎಂಬುದು. ಹೋಲಿಕೆಯ ಪಟ್ಟಿಯಲ್ಲಿ ಈ ಅಂಕಿ ದೊಡ್ಡದಾದವನು ಗೆದ್ದನು. ಆದರೆ ಈ ಅಂಕಿಯನ್ನು ಪಡೆಯುವುದು ಲೀಟರಿಗೆ ಹತ್ತು, ಇಪ್ಪತ್ತು, ಐವತ್ತು ಮಿಲಿಗ್ರಾಂ ಸಾರತೆಯ ದ್ರಾವಣಗಳಲ್ಲಿ. ಹೊಳೆಯ ನೀರಿನಲ್ಲಿರುವ ಸಾರತೆಯಾದರೋ ಇದಕ್ಕಿಂತ ಸಾವಿರ, ಹತ್ತು ಸಾವಿರ ಪಟ್ಟು ಕಡಮೆ. ಅಲ್ಲಿ ಗೆಲ್ಲುವ ವಸ್ತು ಬೇರೆಯಾಗಬಹುದು. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು.

ಎರಡು ಅಧಿಶೋಷಕಗಳಿವೆಯೆಂದು ಭಾವಿಸೋಣ. ಮೊದಲನೆಯದರ ಗರಿಷ್ಠ ಧಾರಣಶಕ್ತಿ ಗ್ರಾಮಿಗೆ ೨೦೦ ಮಿಲಿಗ್ರಾಂ, ಲ್ಯಾಂಗ್‌ಮ್ಯೂರ್ ಸ್ಥಿರಾಂಕ ಮಿಲಿಗ್ರಾಮಿಗೆ ೦.೦೫ ಲೀಟರ್. ಎರಡನೆಯದರ ಧಾರಣಶಕ್ತಿ ಕೇವಲ ೬೦ ಮಿಲಿಗ್ರಾಂ, ಆದರೆ ಸ್ಥಿರಾಂಕ ೫ ಲೀಟರ್. ಧಾರಣಶಕ್ತಿಯು ಮನೆಯ ವಿಸ್ತಾರವನ್ನು ಹೇಳಿದರೆ ಈ ಸ್ಥಿರಾಂಕವು ಅತಿಥಿಯ ಮೇಲಣ ಒಲವನ್ನು ಹೇಳುತ್ತದೆ. ಸಮತೋಲದಲ್ಲಿ ನೀರಿನ ಸಾರತೆ ಲೀಟರಿಗೆ ೨೦ ಮಿಲಿಗ್ರಾಂ ಇದ್ದಾಗ ಮೊದಲನೆಯದು ಗ್ರಾಮಿಗೆ ೧೦೦ ಮಿಲಿಗ್ರಾಂ ಹಿಡಿಯುತ್ತದೆ, ಎರಡನೆಯದು ಸುಮಾರು ೫೯. ಪ್ರಬಂಧದ ಪಟ್ಟಿಯಲ್ಲಿ ಮೊದಲನೆಯದಕ್ಕೇ ಪಟ್ಟ. ಈಗ ಸಾರತೆಯನ್ನು ನಮ್ಮ ಮಾನಕದ ಮಿತಿಯಾದ ೨ ಮೈಕ್ರೊಗ್ರಾಮಿಗೆ ಇಳಿಸೋಣ. ಮೊದಲನೆಯದು ಹಿಡಿಯುವುದು ೦.೦೨ ಮಿಲಿಗ್ರಾಂ, ಎರಡನೆಯದು ೦.೫೯ ಮಿಲಿಗ್ರಾಂ. ಸೋತದ್ದು ಮೂವತ್ತು ಪಟ್ಟು ಮೇಲಾಯಿತು.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. ದಿನಕ್ಕೆ ಒಂದು ಕೋಟಿ ಲೀಟರ್ ನೀರು ಬೇಕಾದ ಒಂದು ಊರಿಗೆ, ಲೀಟರಿಗೆ ೧೦ ಮೈಕ್ರೊಗ್ರಾಂ ಇರುವ ಕಳೆನಾಶಕವನ್ನು ೨ಕ್ಕೆ ಇಳಿಸಬೇಕಾಗಿದೆ. ಒಂದೇ ತೊಟ್ಟಿಯಲ್ಲಿ ಪುಡಿಯನ್ನು ಕಲಕಿ ಸಮತೋಲ ಬರುವವರೆಗೆ ಬಿಡುವುದಾದರೆ ಎರಡನೆಯ ವಸ್ತು ದಿನಕ್ಕೆ ಸುಮಾರು ೧೩೫ ಕಿಲೊಗ್ರಾಂ ಸಾಕು. ಮೊದಲನೆಯದು ೪,೦೦೦ ಕಿಲೊಗ್ರಾಂ ಬೇಕು. ದಿನವೂ ನಾಲ್ಕು ಟನ್ ಕರಿಪುಡಿಯನ್ನು ತೊಟ್ಟಿಗೆ ಸುರಿದು, ಮತ್ತೆ ಅಷ್ಟನ್ನೂ ಕೆಸರಾಗಿ ಹೊರಗೆ ತೆಗೆಯುವ ಊರು ಯಾವುದು? ಧಾರಣಶಕ್ತಿಯ ಪಟ್ಟಿಯು ನಮಗೆ ಇದನ್ನು ಹೇಳುವುದಿಲ್ಲ; ಹೇಳದಿರುವುದಷ್ಟೇ ಅಲ್ಲ, ವಿರುದ್ಧವಾದದ್ದನ್ನು ಹೇಳುತ್ತದೆ.

ಇದಕ್ಕೆ ಸೇರಿದ ಮತ್ತೊಂದು ಸಂಗತಿಯುಂಟು. ಅಟ್ರಜೀನ್ ನೀರಿನಲ್ಲಿ ಕರಗುವುದೇ ಲೀಟರಿಗೆ ಸುಮಾರು ೩೩ ಮಿಲಿಗ್ರಾಂ. ಐವತ್ತು ಅಥವಾ ನೂರು ಮಿಲಿಗ್ರಾಮಿನ ಜಲದ್ರಾವಣವೆಂದು ಯಾವ ಪ್ರಬಂಧದಲ್ಲಿಯಾದರೂ ಕಂಡರೆ, ಅದು ಹೇಗೆ ಕರಗಿತು, ಯಾವ ಸಹಾಯಕ ದ್ರಾವಕವನ್ನು ಬೆರೆಸಿದರು ಎಂದು ಓದುಗನು ಕೇಳಬೇಕು. ಕರಗದೆ ತಳಕ್ಕೆ ಕುಳಿತದ್ದು ಇದ್ದಿಲು ಹಿಡಿದ ಲೆಕ್ಕಕ್ಕೆ ಸೇರಿಹೋಗುವ ಅಪಾಯ ಅಲ್ಲಿದೆ.

೩

ಎರಡನೆಯ ವರ್ಣನೆ ವೇಗವನ್ನು ಕುರಿತದ್ದು. ಸ್ವೀಡನ್ನಿನ ಲಾಗರ್‌ಗ್ರೆನ್ ೧೮೯೮ರಲ್ಲಿ ಕೊಟ್ಟ ಸಮೀಕರಣವೊಂದು, ಹೊ ಮತ್ತು ಮೆಕೆ ೧೯೯೯ರಲ್ಲಿ ವಿಮರ್ಶಿಸಿ ಪ್ರಚಾರಕ್ಕೆ ತಂದ ‘ಮಿಥ್ಯಾ ದ್ವಿತೀಯ ವರ್ಗ’ದ ಸಮೀಕರಣವೊಂದು, ಇವೆರಡನ್ನೂ ಪ್ರಬಂಧಕಾರರು ಎದುರುಬದುರಾಗಿ ನಿಲ್ಲಿಸುತ್ತಾರೆ. ಬಹುಮಟ್ಟಿಗೆ ಎರಡನೆಯದೇ ಗೆಲ್ಲುತ್ತದೆ. ಸಹಸಂಬಂಧ ಗುಣಾಂಕದ ವರ್ಗವು ೦.೯೯ ಬಂದಿದೆ, ಆದುದರಿಂದ ಇಲ್ಲಿ ನಡೆದದ್ದು ರಾಸಾಯನಿಕ ಬಂಧನ ಎಂದು ತೀರ್ಪು ಹೊರಬೀಳುತ್ತದೆ.

ಈ ಗೆಲವಿನ ಗುಟ್ಟು ರಸಾಯನದಲ್ಲಿಲ್ಲ, ನಕ್ಷೆಯಲ್ಲಿದೆ. ಎರಡನೆಯ ಸಮೀಕರಣವನ್ನು ಸರಳರೇಖೆಯಾಗಿ ಎಳೆಯಬೇಕಾದರೆ ಅಡ್ಡಕ್ಕೆ ಕಾಲವನ್ನೂ ಉದ್ದಕ್ಕೆ ಕಾಲವನ್ನು ಹಿಡಿದ ಪ್ರಮಾಣದಿಂದ ಭಾಗಿಸಿದ ಲಬ್ಧವನ್ನೂ ಗುರುತಿಸುತ್ತಾರೆ. ಎರಡು ಅಕ್ಷಗಳಲ್ಲಿಯೂ ಕಾಲವೇ ಕುಳಿತಿದೆ. ಕಾಲವನ್ನು ಕಾಲದ ಎದುರಿಗೆ ಗುರುತಿಸಿದರೆ ನೇರವಾದ ಗೆರೆ ಬಾರದೆ ಮತ್ತೇನು ಬಂದೀತು?

ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಪರೀಕ್ಷಿಸಬಹುದು. ೧೦, ೩೦, ೬೦, ೧೨೦, ೧೮೦ ನಿಮಿಷಗಳಲ್ಲಿ ಹಿಡಿದ ಪ್ರಮಾಣ ಕ್ರಮವಾಗಿ ೧೮, ೧೫, ೨೦, ೧೭, ೧೯ ಮಿಲಿಗ್ರಾಂ ಎಂದು ಇಟ್ಟುಕೊಳ್ಳಿ. ಈ ಅಂಕಿಗಳನ್ನು ನಾವು ಮನಸ್ಸಿಗೆ ಬಂದಂತೆ ಬರೆದಿದ್ದೇವೆ. ಇವುಗಳಲ್ಲಿ ಯಾವ ಕ್ರಮವೂ ಇಲ್ಲ, ಏರುತ್ತವೆ, ಇಳಿಯುತ್ತವೆ. ಕಾಲವನ್ನು ಇವುಗಳಿಂದ ಭಾಗಿಸಿದರೆ ೦.೫೬, ೨.೦೦, ೩.೦೦, ೭.೦೬, ೯.೪೭ ಎಂದು ಬರುತ್ತದೆ. ಈ ಐದು ಬಿಂದುಗಳನ್ನು ಕಾಲದ ಎದುರು ಗುರುತಿಸಿ ಗೆರೆಯೆಳೆದು ಸಹಸಂಬಂಧ ಗುಣಾಂಕದ ವರ್ಗವನ್ನು ಲೆಕ್ಕ ಹಾಕಿದರೆ ೦.೯೯ ದೊರೆಯುತ್ತದೆ! ಮನಬಂದ ಅಂಕಿಗಳಿಗೂ ೦.೯೯ ಕೊಡುವ ಪರೀಕ್ಷೆಯು ಯಾರನ್ನೂ ಅನುತ್ತೀರ್ಣಗೊಳಿಸದ ಪರೀಕ್ಷಕನಂತೆ. ಅವನ ಪ್ರಶಸ್ತಿಪತ್ರಕ್ಕೆ ಬೆಲೆಯಿಲ್ಲ.

ಸಮೀಕರಣವು ಅಂಕಿಗಳಿಗೆ ನಿಜವಾಗಿಯೂ ಹೊಂದಿತೆಂದೇ ಒಪ್ಪಿದರೂ ಅದರಿಂದ ಬಂಧನದ ಸ್ವರೂಪವು ತಿಳಿಯುವುದಿಲ್ಲ. ರಂಧ್ರಗಳಿಂದ ಕೂಡಿದ ಕಣದಲ್ಲಿ ಅಣುವಿನ ವೇಗವನ್ನು ನಿರ್ಧರಿಸುವುದು ಸಾಮಾನ್ಯವಾಗಿ ಅದು ರಂಧ್ರದೊಳಗೆ ತೆವಳಿಕೊಂಡು ಹೋಗುವ ಪ್ರಯಾಣ. ಕೊನೆಯಲ್ಲಿ ಗೋಡೆಗೆ ಅಂಟುವ ಕ್ಷಣವಲ್ಲ. ರಾಸಾಯನಿಕ ಬಂಧವಿದೆಯೆನ್ನಬೇಕಾದರೆ ವರ್ಣಪಟಲದ ಸಾಕ್ಷ್ಯ ಬೇಕು, ಉಷ್ಣಮಾಪನ ಬೇಕು, ಹಿಡಿದದ್ದು ಬಿಡಿಸಿದಾಗ ಹೇಗೆ ಬಿಡುತ್ತದೆಂಬುದರ ಪರೀಕ್ಷೆ ಬೇಕು.

೪

ಮೂರನೆಯ ವರ್ಣನೆ ಮುಕ್ತಶಕ್ತಿಯದು. ಸಮತೋಲ ಸ್ಥಿರಾಂಕದ ಲಘುಗಣಕದಿಂದ ಮುಕ್ತಶಕ್ತಿಯ ವ್ಯತ್ಯಾಸವನ್ನು ಪಡೆದು, ಅದು ಋಣವಾದುದರಿಂದ ಕ್ರಿಯೆಯು ಸ್ವಯಂಪ್ರವೃತ್ತವಾದುದೆಂದು ಬರೆಯುವುದು ವಾಡಿಕೆ. ಆದರೆ ಲಘುಗಣಕವನ್ನು ತೆಗೆಯಬಹುದಾದದ್ದು ಮಾನವಿಲ್ಲದ ಶುದ್ಧ ಸಂಖ್ಯೆಗೆ ಮಾತ್ರ. ಮೇಲಿನ ಉದಾಹರಣೆಯ ಮೊದಲನೆಯ ಅಧಿಶೋಷಕವನ್ನೇ ತೆಗೆದುಕೊಳ್ಳೋಣ. ಅದರ ಸ್ಥಿರಾಂಕವನ್ನು ಮಿಲಿಗ್ರಾಮಿಗೆ ೦.೦೫ ಲೀಟರೆಂದು ಬರೆದು ಲೆಕ್ಕ ಹಾಕಿದರೆ ೨೯೮ ಕೆಲ್ವಿನ್ ಉಷ್ಣತೆಯಲ್ಲಿ ಮುಕ್ತಶಕ್ತಿ ಮೋಲಿಗೆ ಧನ ೭.೪ ಕಿಲೊಜೂಲ್ ಆಗುತ್ತದೆ. ಅದೇ ಸ್ಥಿರಾಂಕವನ್ನು ಗ್ರಾಮಿಗೆ ೫೦ ಲೀಟರೆಂದು ಬರೆದರೆ ಋಣ ೯.೭ ಕಿಲೊಜೂಲ್ ಆಗುತ್ತದೆ. ವಸ್ತು ಒಂದೇ, ಪ್ರಯೋಗ ಒಂದೇ, ಅಳತೆ ಒಂದೇ. ಮಿಲಿಗ್ರಾಮನ್ನು ಗ್ರಾಂ ಮಾಡಿದ್ದರಿಂದ ೧೭ ಕಿಲೊಜೂಲಿನ ಅಂತರ ಬಂದು, ನಡೆಯಲಾರದ ಕ್ರಿಯೆಯು ತನ್ನಷ್ಟಕ್ಕೆ ನಡೆಯುವ ಕ್ರಿಯೆಯಾಯಿತು. ಬಟ್ಟಲನ್ನು ಬದಲಿಸಿದರೆ ಹಾಲು ಮಜ್ಜಿಗೆಯಾಗುವುದುಂಟೆ?

ಇಂಥ ದೋಷಗಳನ್ನು ಯಾರೂ ಎತ್ತಿ ತೋರಿಸಿಲ್ಲವೆಂದಲ್ಲ. ೨೦೧೭ರಲ್ಲಿ ‘ವಾಟರ್ ರಿಸರ್ಚ್’ ಪತ್ರಿಕೆಯಲ್ಲಿ ಟ್ರಾನ್ ಮತ್ತು ಸಂಗಡಿಗರು ಅಧಿಶೋಷಣೆಯ ಪ್ರಬಂಧಗಳಲ್ಲಿ ಮರುಕಳಿಸುವ ತಪ್ಪುಗಳನ್ನು ಒಟ್ಟುಗೂಡಿಸಿ ದೀರ್ಘವಾದ ವಿಮರ್ಶೆಯನ್ನೇ ಬರೆದಿದ್ದಾರೆ. ಔಷಧ ಸಿಕ್ಕಿದೆ, ರೋಗಿಯು ಕುಡಿಯಬೇಕಾಗಿದೆ.

೫

ಇನ್ನು ಮೂಲಭೂತವಾದ ಆಕ್ಷೇಪಕ್ಕೆ ಬರೋಣ. ಕಳೆನಾಶಕವೆಂಬುದು ಬಳಕೆಯಿಂದ ಬಂದ ಹೆಸರು, ರಸಾಯನದಿಂದ ಬಂದದ್ದಲ್ಲ. ಅಟ್ರಜೀನ್ ಹೊಳೆಯ ನೀರಿನಲ್ಲಿ ವಿದ್ಯುದಂಶವಿಲ್ಲದ ಅಣು. ಇದ್ದಿಲಿನ ಮೈ ಅದಕ್ಕೆ ಒಗ್ಗುತ್ತದೆ. ಪ್ಯಾರಾಕ್ವಾಟ್ ಎರಡು ಧನ ವಿದ್ಯುದಂಶಗಳುಳ್ಳ ಅಯಾನು. ಋಣ ವಿದ್ಯುದಂಶವುಳ್ಳ ಜೇಡಿಮಣ್ಣಿನ ಪದರಗಳು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಗ್ಲೈಫೊಸೇಟ್ ನೀರಿಗೆ ಅತಿಯಾಗಿ ಒಲಿದದ್ದು, ಲೀಟರಿಗೆ ಹತ್ತು ಗ್ರಾಮಿನಷ್ಟು ಕರಗುತ್ತದೆ. ಸಾಮಾನ್ಯ ಇದ್ದಿಲು ಅದನ್ನು ಹಿಡಿಯುವುದು ಕಷ್ಟ, ಆದರೆ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಅದರ ಫಾಸ್ಫೊನೇಟ್ ತುದಿಯನ್ನು ಹಿಡಿಯಬಲ್ಲವು. ಆ ಸ್ಥಾನಕ್ಕೆ ನೀರಿನಲ್ಲಿರುವ ಫಾಸ್ಫೇಟೂ ಪೈಪೋಟಿ ನಡೆಸುತ್ತದೆ. ಫಾಸ್ಫೇಟು ಗೊಬ್ಬರದೊಡನೆ ಅದೇ ಹೊಲದಿಂದಲೇ ಬರುತ್ತದೆಂಬುದನ್ನು ಮರೆಯಬಾರದು. ಹೀಗಿರುವಾಗ ಕಳೆನಾಶಕಗಳನ್ನೆಲ್ಲ ತೆಗೆಯುವ ಅಧಿಶೋಷಕವೆಂಬ ಮಾತಿಗೆ ಅರ್ಥವೇ ಇಲ್ಲ. ಯಾವ ಬೀಗಕ್ಕೆ ಯಾವ ಕೈ ಎಂಬುದನ್ನು ಮೊದಲು ಕೇಳಬೇಕು.

೨,೪-ಡಿಯ ವಿಚಾರವು ಇದಕ್ಕೆ ಒಳ್ಳೆಯ ನಿದರ್ಶನ. ಅದೊಂದು ಆಮ್ಲ, ಪಿಎಚ್ ೨.೭ರ ಸುಮಾರಿನಲ್ಲಿ ಅದರ ಅರ್ಧದಷ್ಟು ಅಣುಗಳು ಅಯಾನುಗಳಾಗಿರುತ್ತವೆ. ಪಿಎಚ್ ೨ರಲ್ಲಿ ಹೆಚ್ಚುಭಾಗ ವಿದ್ಯುದಂಶವಿಲ್ಲದ ಸ್ಥಿತಿಯಲ್ಲಿದ್ದು ಇದ್ದಿಲಿಗೆ ಚೆನ್ನಾಗಿ ಅಂಟುತ್ತದೆ. ಪಿಎಚ್ ೭ರಲ್ಲಿ ಇಪ್ಪತ್ತು ಸಾವಿರಕ್ಕೆ ಒಂದು ಅಣುವೂ ಆ ಸ್ಥಿತಿಯಲ್ಲಿ ಉಳಿಯುವುದು ಅನುಮಾನ. ಅತ್ಯುತ್ತಮ ಪಿಎಚ್ ೨ ಎಂದು ಕಂಡುಕೊಂಡು, ಮುಂದಿನ ಪ್ರಯೋಗಗಳನ್ನೆಲ್ಲ ಅಲ್ಲಿಯೇ ನಡೆಸಿದ ಪ್ರಬಂಧವು ನಿಂಬೆಹಣ್ಣಿನ ರಸದಷ್ಟು ಹುಳಿಯಾದ ನೀರನ್ನು ಶುದ್ಧಿಗೊಳಿಸಿದೆ. ಅಂಥ ನೀರು ಯಾವ ಕೆರೆಯಲ್ಲಿದೆ?

ಇಷ್ಟೇ ಅಲ್ಲ. ಹೊಲದಲ್ಲಿ ಬಿದ್ದ ಅಣು ಇದ್ದಂತೆಯೇ ಇರುವುದಿಲ್ಲ. ಸೂಕ್ಷ್ಮಜೀವಿಗಳು ಅಟ್ರಜೀನಿನ ಬಾಹುಗಳನ್ನು ಕಡಿದು ಡೆಸ್‌ಈಥೈಲ್ ಅಟ್ರಜೀನ್ ಮುಂತಾದವುಗಳನ್ನು ಮಾಡುತ್ತವೆ; ಇವು ನೀರಿಗೆ ಇನ್ನಷ್ಟು ಒಲಿದವು, ಇದ್ದಿಲಿಗೆ ಅಷ್ಟು ಕಡಮೆ ಒಗ್ಗುವವು. ಜರ್ಮನಿಯು ಅಟ್ರಜೀನನ್ನು ೧೯೯೧ರಲ್ಲಿಯೇ ನಿಷೇಧಿಸಿದರೂ ಅನೇಕ ವರ್ಷಗಳ ಅನಂತರವೂ ಅಲ್ಲಿನ ಅಂತರ್ಜಲದಲ್ಲಿ ಅದೂ ಅದರ ಸಂತತಿಯೂ ಕಾಣಿಸಿಕೊಳ್ಳುತ್ತಲೇ ಬಂದಿವೆ. ತಾಯಿಯನ್ನು ಅಳೆದು ಮಕ್ಕಳನ್ನು ಮರೆಯುವ ಪ್ರಬಂಧವು ಅರ್ಧ ಕೆಲಸವನ್ನಷ್ಟೇ ಮಾಡಿದೆ.

೬

ಬಟ್ಟಿ ಇಳಿಸಿದ ನೀರಿಗೂ ಹೊಳೆಯ ನೀರಿಗೂ ಇರುವ ಭೇದವೇನು? ಕೊಳೆತ ಎಲೆ, ಮಣ್ಣು, ಪಾಚಿಗಳಿಂದ ಬಂದ ಸಾವಯವ ದ್ರವ್ಯವು ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ ಕೆಲವು ಮಿಲಿಗ್ರಾಂ ಇರುತ್ತದೆ. ಎಂದರೆ ಕಳೆನಾಶಕಕ್ಕಿಂತ ಸಾವಿರ ಪಟ್ಟಿನಷ್ಟು. ಇದ್ದಿಲಿನ ಬಾಗಿಲಿನಲ್ಲಿ ಒಬ್ಬ ಅತಿಥಿಗೆ ಸಾವಿರ ಮಂದಿ ದಾರಿಹೋಕರು ಸೇರಿದಂತೆ. ಕೆಲವರು ಪೀಠಗಳನ್ನು ಆಕ್ರಮಿಸುತ್ತಾರೆ. ದೊಡ್ಡ ಮೈಯವರು ಬಾಗಿಲಿಗೇ ಅಡ್ಡ ನಿಲ್ಲುತ್ತಾರೆ.

ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ವರ್ನನ್ ಸ್ನೊಯಿಂಕ್ ಮತ್ತು ಅವರ ಸಹೋದ್ಯೋಗಿಗಳ ಹೆಸರನ್ನು ಆದರದಿಂದ ಹೇಳಬೇಕು. ೧೯೯೦ರ ದಶಕದಲ್ಲಿ ಅವರು ಅಟ್ರಜೀನನ್ನು ಮುಂದಿಟ್ಟುಕೊಂಡು, ನೈಸರ್ಗಿಕ ನೀರಿನಲ್ಲಿಯೇ, ಮೈಕ್ರೊಗ್ರಾಂ ಸಾರತೆಯಲ್ಲಿಯೇ ಪ್ರಯೋಗ ನಡೆಸಿದರು. ಅವರ ಬಳಗದ ೧೯೯೮ರ ಪ್ರಬಂಧವೊಂದರಿಂದ ಹೊರಟ ತತ್ತ್ವ ಸರಳವಾದದ್ದು, ಆದರೆ ಬಹು ಉಪಯುಕ್ತವಾದದ್ದು: ಸಾವಯವ ದ್ರವ್ಯದ ನಡುವೆ ಅತ್ಯಲ್ಪ ಪ್ರಮಾಣದಲ್ಲಿರುವ ವಸ್ತುವಿನ ಶೇಕಡಾ ಎಷ್ಟು ಭಾಗ ತೊಲಗುತ್ತದೆಂಬುದು ಹಾಕಿದ ಇದ್ದಿಲಿನ ಪ್ರಮಾಣವನ್ನು ಅವಲಂಬಿಸುತ್ತದೆಯೇ ಹೊರತು ಆ ವಸ್ತುವಿನ ಆರಂಭದ ಸಾರತೆಯನ್ನಲ್ಲ. ನೀರು ಶುದ್ಧೀಕರಣದ ಕೇಂದ್ರದಲ್ಲಿ ಕೆಲಸ ಮಾಡುವ ಎಂಜಿನಿಯರನಿಗೆ ಇದು ಕೈಗೆಟುಕುವ ಸೂತ್ರ. ಹೊಳೆಯಲ್ಲಿ ಇಂದು ೬ ಮೈಕ್ರೊಗ್ರಾಂ ಇದ್ದು ಮಿತಿ ೩ ಆಗಿದ್ದರೆ, ಅರ್ಧದಷ್ಟನ್ನು ತೆಗೆಯಬಲ್ಲ ಪ್ರಮಾಣವೆಷ್ಟೆಂದು ಒಮ್ಮೆ ಪರೀಕ್ಷಿಸಿ ತಿಳಿದರೆ ಸಾಕು. ಅಲ್ಲಿ ಪ್ರಯೋಗಾಲಯದಿಂದ ನಲ್ಲಿಯವರೆಗೆ ಒಂದು ದಾರಿಯಿದೆ.

ಆ ದಾರಿಗೆ ಬೆಲೆಯೂ ಉಂಟು. ಇದ್ದಿಲಿನ ಖರ್ಚನ್ನು ಯಾರು ಹೊರಬೇಕೆಂದು ಮಧ್ಯಪಶ್ಚಿಮದ ಊರುಗಳು ಅಟ್ರಜೀನ್ ತಯಾರಕರಾದ ಸಿಂಜೆಂಟಾ ಕಂಪನಿಯ ಮೇಲೆ ನ್ಯಾಯಾಲಯಕ್ಕೆ ಹೋದುವು. ೨೦೧೨ರಲ್ಲಿ, ಕಂಪನಿಯು ತನ್ನ ತಪ್ಪನ್ನು ಒಪ್ಪಿಕೊಳ್ಳದೆಯೇ, ೧೦.೫ ಕೋಟಿ ಡಾಲರುಗಳನ್ನು ಕೊಡಲು ಒಪ್ಪಿ ವ್ಯಾಜ್ಯವು ರಾಜಿಯಾಯಿತು. ಸಾವಿರಕ್ಕೂ ಮೇಲ್ಪಟ್ಟ ನೀರು ಸರಬರಾಜು ವ್ಯವಸ್ಥೆಗಳಿಗೆ ಪಾಲು ದೊರೆಯಿತು. ಯೂರೋಪಿನ ಒಕ್ಕೂಟವು ಇನ್ನೊಂದು ದಾರಿಯನ್ನು ಹಿಡಿಯಿತು: ಅಂತರ್ಜಲವು ಮಿತಿ ಮೀರದಂತೆ ಕಾಯುವುದು ಸಾಧ್ಯವಾಗದೆಂದು ಕಂಡು ೨೦೦೪ರಲ್ಲಿ ಅಟ್ರಜೀನಿಗೆ ಅನುಮತಿಯನ್ನೇ ನಿರಾಕರಿಸಿತು. ನೀರಿನಿಂದ ವಿಷವನ್ನು ತೆಗೆಯುವ ವಿದ್ಯೆಯನ್ನು ಕಲಿಸುವ ನಾವು, ವಿಷವು ನೀರಿಗೆ ಬೀಳದಂತೆ ಮಾಡುವುದೇ ಹಲವು ವೇಳೆ ಅಗ್ಗವಾದ ದಾರಿಯೆಂಬುದನ್ನು ಒಂದು ವಾಕ್ಯದಲ್ಲಾದರೂ ಹೇಳಬೇಡವೆ?

೭

ಹೊಸ ವಸ್ತುಗಳ ವಿಷಯದಲ್ಲಿಯೂ ನ್ಯಾಯವಾಗಿ ಮಾತನಾಡಬೇಕು. ಲೋಹ ಮತ್ತು ಸಾವಯವ ಅಣುಗಳಿಂದ ಹೆಣೆದ ರಂಧ್ರಮಯ ಜಾಲಗಳಿಗಾಗಿ ೨೦೨೫ರಲ್ಲಿ ಕಿಟಗಾವಾ, ರಾಬ್ಸನ್, ಯಾಘಿ ಈ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿದೆ. ಜರ್ಕೋನಿಯಂ ಆಧಾರದ ಇಂಥ ಜಾಲಗಳು ಗ್ಲೈಫೊಸೇಟನ್ನು ಗ್ರಾಮಿಗೆ ನೂರಾರು ಮಿಲಿಗ್ರಾಂ ಹಿಡಿದ ವರದಿಗಳಿವೆ. ಇದು ಶ್ಲಾಘ್ಯವೇ. ಆದರೂ ಎರಡನೆಯ ಭಾಗದಲ್ಲಿ ಎತ್ತಿದ ಪ್ರಶ್ನೆ ಇಲ್ಲಿಯೂ ತಪ್ಪದು: ಮೈಕ್ರೊಗ್ರಾಮಿನ ಸಾರತೆಯಲ್ಲಿ, ಫಾಸ್ಫೇಟಿನ ನಡುವೆ ಎಷ್ಟು?

ಈ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟು ಮುಂದೆ ಬಂದ ಬರಹಕ್ಕೆ ಕಾರ್ನೆಲ್ ವಿಶ್ವವಿದ್ಯಾನಿಲಯದ ಡಿಕ್ಟೆಲ್ ಅವರ ಬಳಗವು ೨೦೧೬ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಉದಾಹರಣೆ. ಪಿಷ್ಟದಿಂದ ದೊರೆಯುವ ಸೈಕ್ಲೊಡೆಕ್ಸ್‌ಟ್ರಿನ್ ಎಂಬ ಬಟ್ಟಲಿನಾಕಾರದ ಅಣುಗಳನ್ನು ಅವರು ರಂಧ್ರಮಯ ಪಾಲಿಮರಾಗಿ ಕಟ್ಟಿದರು. ಮೆಟೊಲಾಕ್ಲೋರ್ ಎಂಬ ಕಳೆನಾಶಕವೂ ಸೇರಿದಂತೆ ಹಲವು ಮಾಲಿನ್ಯಗಳ ಮಿಶ್ರಣವನ್ನು, ಪರಿಸರದಲ್ಲಿ ನಿಜವಾಗಿ ಕಾಣುವ ಸಾರತೆಯಲ್ಲಿಯೇ, ಒಳ್ಳೆಯ ಇದ್ದಿಲಿನೊಡನೆ ಹೋಲಿಸಿ ಪರೀಕ್ಷಿಸಿದರು. ಮೆಥನಾಲಿನಿಂದ ತೊಳೆದು ಮತ್ತೆ ಮತ್ತೆ ಬಳಸಬಹುದೆಂದೂ ತೋರಿಸಿದರು. ಹೋಲಿಕೆಗೆ ದುರ್ಬಲನನ್ನು ಆರಿಸದೆ ಜಟ್ಟಿಯನ್ನೇ ಕರೆದು ಅಖಾಡಕ್ಕೆ ಇಳಿದದ್ದು ಈ ಪ್ರಬಂಧದ ಗುಣ.

ನಮ್ಮ ಸಿಪ್ಪೆ ಹೊಟ್ಟುಗಳ ಪ್ರಬಂಧಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ತೆಂಗಿನ ಕರಟದ ಇದ್ದಿಲು ಇಂದು ಲೋಕವೆಲ್ಲ ಕೊಳ್ಳುವ ಅಧಿಶೋಷಕ. ಅದೂ ಒಂದು ಕಾಲಕ್ಕೆ ಒಲೆಯ ಬಾಯಿಗೆ ಹೋಗುತ್ತಿದ್ದ ಕರಟವೇ. ಕೃಷಿಯ ಕಸದಿಂದ ರಸ ತೆಗೆಯಬಹುದೆಂಬ ನಂಬಿಕೆ ಸರಿಯಾದದ್ದು. ತಪ್ಪಿರುವುದು ಅಗ್ಗವೆಂಬ ವಿಶೇಷಣವನ್ನು ಲೆಕ್ಕವಿಲ್ಲದೆ ಬಳಸುವುದರಲ್ಲಿ. ಹೊಟ್ಟು ಅಗ್ಗ, ಸಂದೇಹವಿಲ್ಲ. ಆದರೆ ಅದನ್ನು ನೆನೆಸಿದ ಫಾಸ್ಫೊರಿಕ್ ಆಮ್ಲ, ಸುಟ್ಟ ಕುಲುಮೆಯ ವಿದ್ಯುತ್ತು, ಆಮ್ಲ ಹೋಗುವವರೆಗೆ ತೊಳೆದ ನೀರು, ಆ ತೊಳೆದ ನೀರು ಹರಿದುಹೋದ ಮೋರಿ ಇವುಗಳ ಬೆಲೆಯನ್ನು ಯಾರು ಬರೆದಿಟ್ಟಿದ್ದಾರೆ?

ವಿಷವನ್ನು ಹಿಡಿದ ಪುಡಿಯನ್ನು ಮುಂದೇನು ಮಾಡಬೇಕೆಂಬುದು ಇನ್ನೂ ದೊಡ್ಡ ಪ್ರಶ್ನೆ. ಕಾಳಿನಾಕಾರದ ಇದ್ದಿಲನ್ನು ಕಾರ್ಖಾನೆಗಳಲ್ಲಿ ಎಂಟುನೂರು ಡಿಗ್ರಿಗೂ ಮೀರಿ ಕಾಯಿಸಿ ಪುನರುಜ್ಜೀವನಗೊಳಿಸುತ್ತಾರೆ. ಪ್ರತಿಸಲವೂ ಸ್ವಲ್ಪ ಭಾಗ ನಷ್ಟವಾಗುತ್ತದೆ. ಬತ್ತದ ಹೊಟ್ಟಿನ ನಯವಾದ ಪುಡಿಗೆ ಆ ಅನುಕೂಲವಿಲ್ಲ. ಅದನ್ನು ತಿಪ್ಪೆಗೆ ಹಾಕಿದರೆ ಮಳೆಯ ನೀರು ಹಿಡಿದದ್ದನ್ನು ಮತ್ತೆ ಬಿಡಿಸಿಕೊಂಡು ಹೋಗಬಹುದು. ಅಧಿಶೋಷಣೆಯು ವಿಷವನ್ನು ನಾಶಮಾಡುವುದಿಲ್ಲ, ಸ್ಥಳಾಂತರಿಸುತ್ತದೆಯಷ್ಟೆ. ಈ ಒಂದು ಮಾತು ಪ್ರತಿಯೊಂದು ಪ್ರಬಂಧದ ಮೊದಲ ಪುಟದಲ್ಲಿರತಕ್ಕದ್ದು.

೮

ಈ ವಿಮರ್ಶೆಯಿಂದ ಪ್ರಯೋಜನವೇನೆಂದು ಕೇಳಬಹುದು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ತನ್ನ ಯೌವನದ ಒಂದೆರಡು ವರ್ಷಗಳನ್ನು ಈ ಕೆಲಸಕ್ಕೆ ಕೊಡುತ್ತಾನೆ. ಕಲಕುವ ಯಂತ್ರದ ಮುಂದೆ ರಾತ್ರಿ ಕುಳಿತು ಅಂಕಿಗಳನ್ನು ಬರೆದುಕೊಳ್ಳುತ್ತಾನೆ. ಅವನ ಶ್ರಮದಲ್ಲಿ ಸುಳ್ಳಿಲ್ಲ. ನಾವು ಅವನ ಕೈಗೆ ಕೊಟ್ಟ ರೂಪವೇ ಅವನನ್ನು ಉತ್ತರವಿಲ್ಲದ ಕಡೆಗೆ ಒಯ್ಯುವುದಾದರೆ ಅಪರಾಧ ನಮ್ಮದು, ಅವನದಲ್ಲ. ಇನ್ನೊಂದು ಕಡೆ, ಮುಸುಕಿನ ಜೋಳದ ಹೊಲದ ಅಂಚಿನ ಕೊಳವೆಬಾವಿಯಿಂದ ನೀರು ಸೇದುವ ಮನೆಯೊಂದಿದೆ. ಆ ನೀರಿನಲ್ಲಿ ಏನಿದೆಯೆಂದು ಆ ಮನೆಯವರಿಗೆ ಬಣ್ಣದಿಂದಲಾಗಲಿ ರುಚಿಯಿಂದಲಾಗಲಿ ತಿಳಿಯಲಾರದು. ಅವರು ನಂಬಬೇಕಾದದ್ದು ನಮ್ಮ ಅಳತೆಯನ್ನು.

ಆದುದರಿಂದ ಮುಂದೆ ಈ ವಿಷಯದ ಪ್ರಬಂಧವು ಪರೀಕ್ಷೆಗೆ ಬಂದಾಗ ಅಧ್ಯಾಪಕರು ಐದು ಪ್ರಶ್ನೆಗಳನ್ನು ಕೇಳುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮಾನಕದ ಮಿತಿಯಷ್ಟು ಸಾರತೆಯಲ್ಲಿ ಈ ವಸ್ತು ಎಷ್ಟು ಹಿಡಿಯಿತು? ಯಾವ ಕೆರೆಯ, ಯಾವ ಬಾವಿಯ ನೀರಿನಲ್ಲಿ ಪರೀಕ್ಷಿಸಿದಿರಿ? ಅಂಗಡಿಯಲ್ಲಿ ದೊರೆಯುವ ಒಳ್ಳೆಯ ಇದ್ದಿಲನ್ನು ಅದೇ ನೀರಿನಲ್ಲಿ ಪಕ್ಕದಲ್ಲಿಟ್ಟು ನೋಡಿದಿರಾ? ಕಿಲೊಗ್ರಾಮಿಗೆ ತಗಲಿದ ವೆಚ್ಚವೆಷ್ಟು? ಬಳಸಿದ ಪುಡಿ ಈಗ ಎಲ್ಲಿದೆ? ಮೈಕ್ರೊಗ್ರಾಮನ್ನು ಅಳೆಯುವ ಉಪಕರಣ ಎಲ್ಲ ವಿಭಾಗಗಳಲ್ಲಿಯೂ ಇಲ್ಲವೆಂಬುದು ನಿಜವಾದ ತೊಡಕು. ಅದಕ್ಕೆ ಪರಿಹಾರವು ಮಿಲಿಗ್ರಾಮಿನಲ್ಲಿ ಅಳೆದು ಮೈಕ್ರೊಗ್ರಾಮಿನ ಮಾತನಾಡುವುದಲ್ಲ. ಎರಡು ಮೂರು ವಿಭಾಗಗಳು ಸೇರಿ ಒಂದೇ ಉಪಕರಣವನ್ನು ಬಳಸಿ, ಹತ್ತು ಪ್ರಬಂಧಗಳ ಬದಲು ಒಂದನ್ನು ಬರೆಯುವುದು. ಅದೂ ಸಾಧ್ಯವಾಗದಿದ್ದರೆ, ಈ ಅಂಕಿಗಳು ಕುಡಿಯುವ ನೀರಿಗೆ ಅನ್ವಯಿಸವು ಎಂದು ಪ್ರಬಂಧದ ಕೊನೆಯಲ್ಲಿ ಒಂದು ವಾಕ್ಯವನ್ನು ಪ್ರಾಮಾಣಿಕವಾಗಿ ಬರೆಯುವುದು.

ಹದಿನೆಂಟು ವರ್ಣನೆಗಳನ್ನು ಬಿಟ್ಟು ತಾನು ಕಂಡ ಒಂದೇ ಕೆರೆಯನ್ನು ಕಂಡಂತೆ ಬರೆದ ಕವಿಯನ್ನು ನಾವು ಮೆಚ್ಚುತ್ತೇವೆ. ವಿಜ್ಞಾನದ ವಿದ್ಯಾರ್ಥಿಗೂ ಆ ಮೆಚ್ಚುಗೆ ಸಲ್ಲಬೇಕು. ತನ್ನ ಊರಿನ ಒಂದು ಬಾವಿಯ ನೀರನ್ನು ತಂದು, ಅದರಲ್ಲಿ ಇರುವುದನ್ನು ಇದ್ದಷ್ಟೇ ಅಳೆದು, ತನ್ನ ಇದ್ದಿಲು ಸೋತಿತೆಂದು ಬರೆದರೂ ಆ ಪ್ರಬಂಧಕ್ಕೆ ಪದವಿ ಕೊಡಲು ನಾವು ಹಿಂಜರಿಯಬಾರದು.